ಗೆಜೆಟ್ಟಿನಲ್ಲಿ ಇಲ್ಲದವರ ಪುಸ್ತಕ

ಭೂಸ್ವಾಧೀನದ ಅಧಿಸೂಚನೆಗಳನ್ನು ಜನ ಓದಲಿ ಎಂದು ಯಾರೂ ಅಚ್ಚು ಹಾಕುವುದಿಲ್ಲ. ಅಚ್ಚು ಹಾಕಿದ್ದೇವೆ ಎಂದು ಹೇಳಿಕೊಳ್ಳಲು ಹಾಕುತ್ತಾರೆ. ಮೈಸೂರು ಗೆಜೆಟ್ಟಿನ ಹಳೆಯ ಸಂಪುಟಗಳನ್ನು ತಿರುವುತ್ತ ಕೂತವರಿಗೆ ಇದು ಬೇಗ ತಿಳಿಯುತ್ತದೆ. ಅಕ್ಷರ ಸಣ್ಣದು, ಹಾಳೆ ಮುಟ್ಟಿದರೆ ಅಂಚು ಉದುರುತ್ತದೆ, ಊರಿನ ಹೆಸರುಗಳು ಇಂಗ್ಲಿಷ್ ಕಾಗುಣಿತಕ್ಕೆ ಸಿಕ್ಕಿ ಗುರುತೇ ಹತ್ತದಂತಾಗಿವೆ. ಪ್ರತಿ ಪುಟದಲ್ಲಿಯೂ ಅದೇ ಅಂಕಣಗಳು: ಸರ್ವೆ ನಂಬರು, ಖಾತೆದಾರ, ಅನುಭವದಾರ, ವಿಸ್ತೀರ್ಣ, ಕಂದಾಯ, ಚಕ್ಕುಬಂದಿ. ಅಮ್ಮನ ತವರೂರಿನ ಪುಟ ಸಿಕ್ಕಾಗ ನಾನು ನೇರವಾಗಿ ಅನುಭವದಾರರ, ಅಂದರೆ ನೆಲ ಯಾರ ಕೈಯಲ್ಲಿದೆ ಎಂದು ಹೇಳುವ ಅಂಕಣಕ್ಕೆ ಹೋದೆ. ಅಜ್ಜ ಬದುಕಿಡೀ ಉತ್ತ ಗದ್ದೆಯ ಎದುರು ಅಲ್ಲಿಯೂ ಖಾತೆದಾರರ ಹೆಸರನ್ನೇ ಮತ್ತೊಮ್ಮೆ ಬರೆದಿದ್ದರು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ಕಾಡು. ಹಳ್ಳಕ್ಕೂ ಕಾಡಿಗೂ ಗೆಜೆಟ್ಟಿನಲ್ಲಿ ಜಾಗವಿತ್ತು, ಅಜ್ಜನಿಗೆ ಇರಲಿಲ್ಲ.

ನಾನು ಬರೆಯಹೊರಟದ್ದು ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಬಗ್ಗೆ, ಅದರಲ್ಲಿಯೂ ಗೇಣಿದಾರರ ಬಗ್ಗೆ. ಅಮ್ಮ ಸಾಗರ ತಾಲ್ಲೂಕಿನ ಕರೂರು ಹೋಬಳಿಯ ದೀವರ ಮನೆತನದವಳು. ಶರಾವತಿಗೆ ಮೊದಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸಲು ಅದು 1948ರ ಹೊತ್ತಿಗೆ ಸಿದ್ಧವಾಯಿತು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಹಳೆಯ ಅಣೆಕಟ್ಟೇ ಹೊಸ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯ ಕೊನೆಯಲ್ಲಿ ಅದು ಮೇಲೆದ್ದಾಗ ಜನ ಫೋಟೋ ತೆಗೆಯಲು ಹೋಗುತ್ತಾರೆ. ಹಿರೇಭಾಸ್ಕರದ ನೀರಿಗೆ ಮನೆ ಬಿಟ್ಟು ಮೇಲಿನ ದಿಬ್ಬಕ್ಕೆ ಬಂದು ಕೂತಿದ್ದ ಕೆಲವು ಕುಟುಂಬಗಳು ಲಿಂಗನಮಕ್ಕಿಗೆ ಮತ್ತೆ ಗಂಟು ಕಟ್ಟಿದವು. ಅಜ್ಜನ ಅಕ್ಕನ ಮನೆ ಅಂಥದ್ದೊಂದು.

ಈ ಕಥೆ ಹೊಸದಲ್ಲ. ಮಲೆನಾಡಿನಲ್ಲಿ ಮುಳುಗಡೆ ಎಂದರೆ ಮಕ್ಕಳಿಗೂ ಗೊತ್ತು. ಕಾದಂಬರಿಗಳು, ನಾಟಕಗಳು, ಹಾಡುಗಳು ಬಂದಿವೆ. ಆದರೆ ನನಗೆ ಕಣ್ಣೀರಿನ ಪುಸ್ತಕ ಬೇಕಿರಲಿಲ್ಲ. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಯಾರಿಗೆ ಯಾವ ಕಾಗದ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಸಿಗದೆ ಹೋದದ್ದಕ್ಕೆ ಯಾವ ಕಾಯ್ದೆ, ಯಾವ ತಾರೀಖು ಕಾರಣ ಎಂಬುದನ್ನು ಒಂದು ಕಡೆ ಇಡಬೇಕು ಎಂಬುದಷ್ಟೇ ನನ್ನ ಹಟವಾಗಿತ್ತು.

ಮೊದಲು ಮಾತನಾಡಿಸಿದ ಪ್ರಕಾಶಕರು ಒಳ್ಳೆಯವರೇ. ಎರಡು ಅಧ್ಯಾಯ ಓದಿ, 'ಮೇಡಂ, ಇದು ನೆನಪಿನ ಪುಸ್ತಕವೋ ಚರಿತ್ರೆಯೋ ಮೊದಲು ತೀರ್ಮಾನ ಮಾಡಿ' ಎಂದರು. ಅವರ ಕಷ್ಟ ಅರ್ಥವಾಗುವಂಥದೇ. ಅಂಗಡಿಯಲ್ಲಿ ಆತ್ಮಕಥೆಗೆ ಒಂದು ಕಪಾಟು, ಇತಿಹಾಸಕ್ಕೆ ಇನ್ನೊಂದು, 'ವೈಚಾರಿಕ' ಎಂಬ ಹಣೆಪಟ್ಟಿಯ ಮೂರನೆಯದು. ಗ್ರಂಥಾಲಯಕ್ಕೆ ಹೋದರೆ ಡ್ಯೂಯಿ ವರ್ಗೀಕರಣದಲ್ಲಿ ಜೀವನ ಚರಿತ್ರೆ 920, ರಾಜಕೀಯ 320, ಭಾರತದ ಇತಿಹಾಸ 954. ಕನ್ನಡದಲ್ಲಿ ಈಚೆಗೆ ಬರುತ್ತಿರುವ ಒಳ್ಳೆಯ ಕಥನೇತರ ಪುಸ್ತಕಗಳು ಈ ಮೂರು ಕಪಾಟುಗಳ ನಡುವೆಯೇ ಓಡಾಡುತ್ತಿವೆ ಎಂದು ನಾನು ವಾದಿಸಿದೆ. ವಾದ ಒಪ್ಪಿದರು, ಪುಸ್ತಕ ಒಪ್ಪಲಿಲ್ಲ. ಕೊನೆಗೆ ಶಿವಮೊಗ್ಗ ಸೀಮೆಯದೇ ಒಂದು ಸಣ್ಣ ಪ್ರಕಾಶನ ಕೈಗೆತ್ತಿಕೊಂಡಿತು. ಅಲ್ಲಿನ ಸಂಪಾದಕರು ಕೆಂಪು ಶಾಯಿಯವರು; ಒಂದೊಂದು ಪುಟಕ್ಕೂ 'ಇದು ಹೇಗೆ ಗೊತ್ತು?' ಎಂದು ಬರೆದು ಕಳಿಸುತ್ತಿದ್ದರು. ಅಮ್ಮ ಹೇಳಿದಳು ಎಂದರೆ, 'ಸರಿ, ಹಾಗಾದರೆ ಅಮ್ಮ ಹೇಳಿದಳು ಎಂದೇ ಬರೆಯಿರಿ' ಎನ್ನುವರು. ಆ ಒಂದು ಮಾತು ಇಡೀ ಪುಸ್ತಕದ ನಡೆಯನ್ನು ತಿದ್ದಿತು.

ಗೆಜೆಟ್ಟಿನ ಹೊರಗೆ ಏನಿದೆ ಎಂದು ಹುಡುಕಲು ಮಾಹಿತಿ ಹಕ್ಕಿನ ದಾರಿ ಹಿಡಿದೆ. ಅರ್ಜಿ ಬರೆಯುವುದೂ ಒಂದು ವಿದ್ಯೆ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದರೆ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಂತು. 'ಸದರಿ ಕಡತವನ್ನು ಹುಡುಕಲಾಗಿ ಲಭ್ಯವಾಗಿರುವುದಿಲ್ಲ.' ಮೇಲ್ಮನವಿ ಹಾಕಿದ ಮೇಲೆ ಕಡತಕ್ಕೆ ಅಷ್ಟಿಷ್ಟು ಜೀವ ಬಂತು. ಅಭಿಲೇಖಾಲಯದ ವಿಷಯ ನಿರ್ವಾಹಕರು ಪುನರ್ವಸತಿಯ ಕೆಲವು ಪಟ್ಟಿಗಳನ್ನು ತೆಗೆದುಕೊಟ್ಟರು. ಅರ್ಧ ಕಪ್ಪಾದ ನೆರಳಚ್ಚು ಪ್ರತಿಗಳು. ಅದರಲ್ಲಿ ಕುಟುಂಬದ ಯಜಮಾನನ ಹೆಸರು, ಕೊಟ್ಟ ಜಮೀನಿನ ಎಕರೆ ಇದ್ದವು. ಬಿಟ್ಟು ಬಂದ ಜಮೀನಿನ ವಿವರ ಖಾತೆದಾರರಿಗೆ ಮಾತ್ರ ತುಂಬಿತ್ತು. ಉಳಿದವರ ಎದುರು ಒಂದು ಗೀಟು.

ಆ ಗೀಟಿನ ಎದುರೇ ನಾನು ಬಹಳ ಕಾಲ ಕೂತೆ ಎನ್ನಬೇಕು. ಇದರ ಉತ್ತರ ಮುಳುಗಡೆಯ ಕಾಗದಗಳಲ್ಲಿ ಇರಲಿಲ್ಲ, ಭೂ ಸುಧಾರಣೆಯ ಕಾಗದಗಳಲ್ಲಿ ಇತ್ತು.

ಸಾಗರ ತಾಲ್ಲೂಕು ಗೇಣಿದಾರರ ಹೋರಾಟದ ನೆಲ. 1951ರ ಏಪ್ರಿಲ್‌ನಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಶುರುವಾದದ್ದೇ ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ. ಜಮೀನಿನ ಒಡೆಯರು ಅಳೆದುಕೊಳ್ಳುವ ಕೊಳಗ ನ್ಯಾಯದ ಕೊಳಗಕ್ಕಿಂತ ದೊಡ್ಡದು ಎಂದು ದೀವರ ಗೇಣಿದಾರರು ತಕರಾರು ತೆಗೆದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿಗಳು ಕೈ ಜೋಡಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ವಿಧಾನಸಭೆಗೆ ಹೋದರು. ಇದನ್ನೆಲ್ಲ ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ. ಆದರೆ ಈ ಸಾಲನ್ನೂ ಅಣೆಕಟ್ಟಿನ ಸಾಲನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡಿದವರು ಕಡಿಮೆ.

ನಾನು ಬರೆದು ನೋಡಿದೆ. ಭೂ ಸುಧಾರಣಾ ಕಾಯ್ದೆ 1961ರದು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ದೇವರಾಜ ಅರಸರ ಕಾಲದ ತಿದ್ದುಪಡಿಯ ಪ್ರಕಾರ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದ ದಿನ 1974ರ ಮಾರ್ಚ್ 1. ಅದರ ಮೇಲೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಉತ್ತ ನೆಲಕ್ಕೆ ಒಡೆಯರಾದರು. ಕಾಗೋಡಿನ ಸುತ್ತಲಿನ ಗೇಣಿದಾರರು ಹಾಗೆ ಭೂಮಿ ಪಡೆದರು. ಹತ್ತು ವರ್ಷ ಮೊದಲೇ ಗದ್ದೆ ನೀರಿನಡಿಗೆ ಹೋದವರು ಯಾವ ಸರ್ವೆ ನಂಬರಿಗೆ ಅರ್ಜಿ ಹಾಕಬೇಕಿತ್ತು? ಒಂದೇ ತಾಲ್ಲೂಕು, ಒಂದೇ ಜನ, ಒಂದೇ ಗೇಣಿ ಪದ್ಧತಿ. ಒಂದು ಕಡೆಯವರಿಗೆ ಕಾಯ್ದೆ ಸಿಕ್ಕಿತು, ಇನ್ನೊಂದು ಕಡೆಯವರಿಗೆ ಕಾಯ್ದೆಗಿಂತ ಮೊದಲು ನೀರು ಸಿಕ್ಕಿತು. ಪುಸ್ತಕದ ಬೆನ್ನೆಲುಬು ಇದೇ. ಇದನ್ನು ಬರೆದ ಮೇಲೆ ಉಳಿದ ಅಧ್ಯಾಯಗಳು ತಮ್ಮ ಜಾಗ ತಾವೇ ಹುಡುಕಿಕೊಂಡವು.

ಹಿರಿಯರನ್ನು ಮಾತನಾಡಿಸುವ ಕೆಲಸ ಇದರ ಜೊತೆಜೊತೆಗೇ ನಡೆದಿತ್ತು. ಶಿಕಾರಿಪುರ, ಹೊಸನಗರ, ಶಿವಮೊಗ್ಗ ತಾಲ್ಲೂಕುಗಳ ಮುಳುಗಡೆ ಕ್ಯಾಂಪುಗಳಿಗೆ ಭಾನುವಾರ ಹೋಗುತ್ತಿದ್ದೆ. ಮೊಬೈಲಿನಲ್ಲಿ ಧ್ವನಿ ಹಿಡಿಯುವುದಕ್ಕೆ ಯಾರದೂ ಅಡ್ಡಿ ಇರಲಿಲ್ಲ. 'ನಮ್ಮ ಜಾಗಕ್ಕೆ ಹಕ್ಕುಪತ್ರ ಬರುತ್ತದೆಯಾ ತಂಗಿ?' ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ ಅಷ್ಟೇ. ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಕೊಟ್ಟದ್ದು ಅರಣ್ಯ ಇಲಾಖೆಯ ನೆಲ. ಎಷ್ಟೋ ಕಡೆ ಅದನ್ನು ಅರಣ್ಯದ ಲೆಕ್ಕದಿಂದ ತೆಗೆಯುವ ಕೆಲಸ ಸರಿಯಾಗಿ ನಡೆಯಲೇ ಇಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಕೇಂದ್ರದ ಒಪ್ಪಿಗೆಯೂ ಬೇಕಾಯಿತು. ಹೀಗಾಗಿ ಹೋದ ಊರಿನಲ್ಲಿಯೂ ಖಾತೆ ಇಲ್ಲ, ಬಂದ ಊರಿನಲ್ಲಿಯೂ ಖಾತೆ ಇಲ್ಲ. ನಾಡಿಗೆ ಬೆಳಕು ಕೊಟ್ಟವರು ಎಂಬ ಮಾತನ್ನು ಪ್ರತಿ ಚುನಾವಣೆಯಲ್ಲಿ ಕೇಳುತ್ತಾರೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅಮ್ಮ ಮದುವೆಯಾಗಿ ಬಂದ ಮನೆಯಲ್ಲಿ ನಾನು ಮಾಧ್ಯಮಿಕ ಶಾಲೆಯವರೆಗೆ ಓದಿದ್ದು ಚಿಮಣಿ ದೀಪದಲ್ಲಿ.

ಹಿರಿಯರ ಮಾತು ಒಂದಕ್ಕೊಂದು ಕೂಡುತ್ತಿರಲಿಲ್ಲ. ಅಂಗಳಕ್ಕೆ ನೀರು ಬಂದ ಮೇಲೆ ಮನೆ ಬಿಟ್ಟೆವು ಎಂದು ಸೋದರಮಾವ ಹೇಳುತ್ತಾನೆ. ಬಾಗಿಲಿನ ಮೇಲೆ ನೀರಿನ ಗುರುತು ನೋಡಿದ್ದಾನಂತೆ. 'ಅವನಿಗೆ ಆಗ ಆರು ವರ್ಷ, ಅವನೇನು ನೋಡುತ್ತಾನೆ? ಬಾಗಿಲನ್ನು ನಾವು ಮೊದಲೇ ಕಿತ್ತು ಲಾರಿಗೆ ಹಾಕಿದ್ದೆವು' ಎನ್ನುತ್ತಾಳೆ ಅಮ್ಮ. ಇಬ್ಬರಲ್ಲಿ ಒಬ್ಬರ ಮಾತನ್ನು ಆರಿಸಿಕೊಳ್ಳಿ, ಓದುಗರಿಗೆ ಗೊಂದಲ ಬೇಡ ಎಂದು ಹಸ್ತಪ್ರತಿ ನೋಡಿದ ಸ್ನೇಹಿತರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ತಾರೀಖು, ವಿಸ್ತೀರ್ಣ, ಆದೇಶ ಇವುಗಳಿಗೆ ಕಾಗದವೇ ಪ್ರಮಾಣ. ಮನೆಯಿಂದ ಹೊರಟ ಹೊತ್ತಿನ ವಿಷಯಕ್ಕೆ ಬಾಯಿಮಾತೇ ಪ್ರಮಾಣ. ಬಾಯಿಮಾತುಗಳು ಜಗಳವಾಡಿದರೆ ಎರಡನ್ನೂ ಅಚ್ಚು ಮಾಡುವುದು. ಈ ಮೂರು ನಿಯಮ ಹಾಕಿಕೊಂಡೆ. ಅಕ್ಕ ತಮ್ಮಂದಿರ ಜಗಳ ಪುಸ್ತಕದಲ್ಲಿ ಎರಡೂವರೆ ಪುಟವಿದೆ. ಓದಿದವರು ಹೆಚ್ಚು ಮಾತನಾಡುವುದು ಆ ಪುಟಗಳ ಬಗ್ಗೆಯೇ.

ಅಜ್ಜನ ಹೆಸರು ಸಿಕ್ಕಿದ್ದು ಸರ್ಕಾರದ ಮನೆಯಲ್ಲಲ್ಲ, ಒಡೆಯರ ಮನೆಯಲ್ಲಿ. ಒಡೆಯರ ಮೊಮ್ಮಗ ಈಗ ಪೇಟೆಯಲ್ಲಿದ್ದಾರೆ, ವಯಸ್ಸಾಗಿದೆ. ಪುಸ್ತಕದ ವಿಷಯ ಯಾರಿಂದಲೋ ತಿಳಿದು ಫೋನು ಮಾಡಿ ಕರೆದರು. ಸ್ವಲ್ಪ ಅಂಜಿಕೆಯಿಂದಲೇ ಹೋದೆ. ಊಟ ಹಾಕಿಸಿದ ಮೇಲೆ, ಬಟ್ಟೆಯಲ್ಲಿ ಸುತ್ತಿದ ಗೇಣಿ ಲೆಕ್ಕದ ಪುಸ್ತಕ ತಂದು ಮುಂದಿಟ್ಟರು. ಬಿಡಿಸಲಾರದಷ್ಟು ಸುತ್ತು ಸುತ್ತಿದ ಕೈಬರಹ. ಅವರೇ ಕನ್ನಡಕ ಏರಿಸಿ ಓದಿ ಹೇಳಿದರು. ಗೇಣಿದಾರರ ಹೆಸರು, ಗದ್ದೆಯ ಹೆಸರು, ಸಲ್ಲಬೇಕಾದ ಭತ್ತ ಖಂಡುಗ ಕೊಳಗಗಳಲ್ಲಿ, ಸಂದದ್ದು, ಬಾಕಿ. ಅಜ್ಜ ಅಲ್ಲಿದ್ದ, ವರ್ಷ ವರ್ಷವೂ ಇದ್ದ. ಪ್ರತಿ ಗದ್ದೆಗೂ ಒಂದು ಹೆಸರಿತ್ತು, ಗೆಜೆಟ್ಟಿಗೆ ಗೊತ್ತಿಲ್ಲದ ಹೆಸರು. ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳ ಮೊದಲ ಪ್ರಶ್ನೆ: 'ಬಾಕಿ ಎಷ್ಟಿದೆ ಅಂತೆ?'

ಒಡೆಯರ ಮೊಮ್ಮಗ ಹಾಕಿದ ಷರತ್ತು ಒಂದೇ: 'ನಮ್ಮ ಅಜ್ಜನನ್ನು ರಾಕ್ಷಸ ಮಾಡಬೇಡಿ. ನಮ್ಮ ತೋಟವೂ ಹೋಯಿತು.' ಹೋದದ್ದು ನಿಜ. ಅಡಿಕೆ ತೋಟ ಕಟ್ಟಲು ಒಂದು ತಲೆಮಾರು ಬೇಕು. ಪರಿಹಾರದ ಹಣ ಹಿಡಿದುಕೊಂಡು ಎಲ್ಲಿಗೆ ಹೋಗಿ ಇನ್ನೊಂದು ತೋಟ ಎಬ್ಬಿಸುವುದು? ಅವರ ನಷ್ಟವನ್ನು ಬರೆದೆ. ಆ ಲೆಕ್ಕದ ಕೊಳಗ ಎಷ್ಟು ದೊಡ್ಡದಿತ್ತು ಎಂದು ನಮ್ಮವರು ಹೇಳುವುದನ್ನೂ ಬರೆದೆ. ಎರಡನ್ನೂ ಓದಿ ಅವರು ಒಂದು ವಾರ ಮಾತನಾಡಲಿಲ್ಲ; ಆಮೇಲೆ ಲೆಕ್ಕದ ಹಾಳೆಯ ಚಿತ್ರ ಅಚ್ಚು ಹಾಕಲು ಸಹಿ ಮಾಡಿದ ಪತ್ರ ಕಳಿಸಿದರು. ದಾಖಲೆಯೊಂದು ಕಬಾಟಿನಿಂದ ಹೊರಬರುವುದಕ್ಕೆ ಹೋರಾಟದಷ್ಟೇ ದಾಕ್ಷಿಣ್ಯವೂ ಬೇಕಾಗುತ್ತದೆ ಎನ್ನಿಸಿತು.

ನಕ್ಷೆಯ ಕೆಲಸ ಮಾತ್ರ ತಲೆ ತಿಂದಿತು. ಒಂದು ಇಂಚಿಗೆ ಒಂದು ಮೈಲಿಯ ಹಳೆಯ ಸರ್ವೆ ನಕ್ಷೆಗಳಲ್ಲಿ ಮುಳುಗಿದ ಊರು, ಕಾಲುದಾರಿ, ಹಳ್ಳ ಎಲ್ಲವೂ ಇವೆ. ಜಲಾಶಯದ ತುಂಬಿದ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ನಕ್ಷೆಯಲ್ಲಿ ಎತ್ತರದ ಗೆರೆಗಳಿರುವುದು ಐವತ್ತು ಅಡಿಗೊಂದು: 1800, ಆಮೇಲೆ 1850. ನೀರಿನ ಅಂಚು ಈ ಎರಡು ಗೆರೆಗಳ ನಡುವೆ ಎಲ್ಲಿಯೋ ಹಾದುಹೋಗುತ್ತದೆ. ಕಡಿದಾದ ಗುಡ್ಡದಲ್ಲಿ ಅದರಿಂದ ಏನೂ ಆಗುವುದಿಲ್ಲ. ಬಯಲಿನಂಥ ಕಡೆ ಹತ್ತೊಂಬತ್ತು ಅಡಿಯೆಂದರೆ ಒಂದು ಇಡೀ ಕೇರಿ. ಎಂಜಿನಿಯರುಗಳು ನೆಲದ ಮೇಲೆ ಕಲ್ಲು ನೆಟ್ಟು ಗುರುತು ಮಾಡಿದ್ದನ್ನು ನಾವು ಮೇಜಿನ ಮೇಲೆ ಗೆರೆ ಎಳೆದು ಹಿಡಿಯುವುದು ಸಾಧ್ಯವಿರಲಿಲ್ಲ. ಚಿತ್ರ ಬರೆದುಕೊಟ್ಟ ಹುಡುಗ ಜಾಣ. ಗಟ್ಟಿ ಗೆರೆಯ ಬದಲು ತೆಳುವಾದ ಬಣ್ಣದ ಪಟ್ಟಿ ಹಾಕಿದ. 151.75 ಟಿಎಂಸಿ ಅಡಿ ನೀರು ನಮ್ಮ ಪುಸ್ತಕದಲ್ಲಿ ಮಸುಕಾದ ಅಂಚಿನ ನೀಲಿಯಾಗಿ ಕೂತಿದೆ.

ಅಚ್ಚಿನ ಮನೆಯ ಕಥೆ ಎಲ್ಲ ಲೇಖಕರದೂ ಒಂದೇ. ನಾನು ಯೂನಿಕೋಡಿನಲ್ಲಿ ಬರೆದದ್ದು ಪುಟ ಕಟ್ಟುವವರ 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಾಗುವಾಗ ಅರ್ಕಾವತ್ತುಗಳು ಪಕ್ಕದ ಮನೆಗೆ ಹೋದವು. 'ಕರ್ನಾಟಕ' ಇದ್ದಲ್ಲೆಲ್ಲ ಕರಡು ತಿದ್ದುವವರು ಪೆನ್ಸಿಲ್ ಮುರಿದರು. ಹದಿನಾರು ಪುಟಕ್ಕೆ ಒಂದು ಫಾರಂ. ಹದಿನೈದು ಫಾರಂಗೆ, ಅಂದರೆ 240 ಪುಟಕ್ಕೆ ನಿಲ್ಲಿಸಬೇಕೆಂದು ಪ್ರಕಾಶಕರ ಲೆಕ್ಕ. ಡೆಮಿ ಅಳತೆ, ಐನೂರು ಪ್ರತಿ. ಗೇಣಿದಾರರ ಹೆಸರಿನ ಅನುಬಂಧ ಸೇರಿಸಿದರೆ ಅರ್ಧ ಫಾರಂ ಹೆಚ್ಚಾಗುತ್ತಿತ್ತು. ಅಧ್ಯಾಯದ ಮೊದಲು ನಾನು ಪ್ರೀತಿಯಿಂದ ಬರೆದಿದ್ದ ಮಳೆಗಾಲದ ವರ್ಣನೆಗಳನ್ನು ಕತ್ತರಿಸಿ ಹೆಸರುಗಳಿಗೆ ಜಾಗ ಮಾಡಿದೆವು. ಮಲೆನಾಡಿನ ಮಳೆಯ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆದಾಗಿದೆ. ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಹಣ ಕೊಡಬೇಕಿಲ್ಲ, ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ ಕೊಡುತ್ತದೆ. ಪುಸ್ತಕ ಬಂದ ಮೇಲೆ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಆ ಪ್ರತಿಯನ್ನು ಅಂಚೆ ಕಚೇರಿಗೆ ಹೋಗಿ ನಾನೇ ಕಳಿಸಿದೆ.

ಬಿಡುಗಡೆಯ ಹೊತ್ತಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯ ಸುದ್ದಿಯೇ ಸುದ್ದಿ. 2025ರ ಜುಲೈ 14ರಂದು ಅದರ ಉದ್ಘಾಟನೆಯಾಯಿತು. ಲಾಂಚಿಗೆ ಕಾದು ಕಾದು ಮುದುಕರಾದ ಕರೂರು ಸೀಮೆಯ ಜನ ಹಿನ್ನೀರಿನ ಮೇಲೆ ಬಸ್ಸಿನಲ್ಲಿ ದಾಟಿದರು. ಸೇತುವೆಗೆ ಹೊಂದಿಸಿಯೇ ಪುಸ್ತಕ ತಂದಿದ್ದೀರಿ ಎಂದು ಹಲವರು ಹೊಗಳಿದರು. ನಮ್ಮ ಪ್ರಕಾಶಕರಿಗೆ ಅಷ್ಟು ಯೋಜನೆ ಇದ್ದಿದ್ದರೆ ಬೇರೆ ವ್ಯಾಪಾರ ಮಾಡುತ್ತಿದ್ದರು. ಅವರು ಕೇಳಿದ್ದು ಇನ್ನೊಂದು ಅಧ್ಯಾಯ: ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಬರಲಿರುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ, ಅಂದರೆ ಕೆಳಗಿನ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ಮಾಡುವ ಯೋಜನೆಯ ಬಗ್ಗೆ. ಅದು ಇಂದಿನ ಜಗಳ, ಅದಕ್ಕೆ ಅದರದೇ ಪುಸ್ತಕ ಬೇಕು. ಒಂದು ಪುಟ ಬರೆದು ನಿಲ್ಲಿಸಿದೆ. ರಾಜಕೀಯದ ಪುಸ್ತಕ ಇಂದಿನ ಪತ್ರಿಕೆಯವರೆಗೂ ಬರಲೇಬೇಕು ಎಂಬ ಹಂಬಲ ಈಗ ಎಲ್ಲರಿಗೂ ಇದೆ. ಬಂದು ತಲುಪುವಷ್ಟರಲ್ಲಿ ಹಿಂದಿನದಕ್ಕೆ ಉಸಿರು ಉಳಿದಿರುವುದಿಲ್ಲ.

ಪುಸ್ತಕ ಹೊರಬಂದ ಮೇಲೆ ಅನುಬಂಧ ಬೆಳೆಯತೊಡಗಿತು. ನಮ್ಮ ಅಜ್ಜನ ಹೆಸರು ಬಿಟ್ಟಿದ್ದೀರಿ ಎಂದು ಫೋನುಗಳು ಬಂದವು. ಕೆಲವರು ಹಳೆಯ ಗೇಣಿ ರಸೀದಿ ಕಳಿಸಿದರು. ಒಬ್ಬರು ಮುಳುಗಿದ ಮನೆಯ ಚಾವಡಿಯಲ್ಲಿ ತೆಗೆದ ಮದುವೆಯ ಫೋಟೋ ಕಳಿಸಿದರು. ಒಂದು ಕುಟುಂಬ ಮಾತ್ರ ಹೆಸರು ತೆಗೆಯಿರಿ ಎಂದಿತು. ಅವರ ಈಗಿನ ಜಮೀನಿನ ಮೇಲೆ ಅರಣ್ಯ ಒತ್ತುವರಿಯ ಪ್ರಕರಣವಿದೆ. ಯಾವ ಪುಸ್ತಕದಲ್ಲಿಯೂ ಯಾವ ಊರಿನ ಜೊತೆಗೂ ತಮ್ಮ ಹೆಸರು ಕಾಣುವುದು ಬೇಡವೆಂದು ಯಾರೋ ಹೇಳಿಕೊಟ್ಟಿದ್ದಾರೆ. ಆ ಸಲಹೆ ಸರಿಯೆಂದು ನನಗೆ ಅನ್ನಿಸುವುದಿಲ್ಲ. ಆದರೂ ಎರಡನೆಯ ಮುದ್ರಣಕ್ಕೆ ಹೆಸರು ತೆಗೆದೆ, ಕೇಳುವ ಹಕ್ಕು ಅವರದು.

ಇನ್ನೊಬ್ಬರು ನೇರ ಉಲ್ಟಾ. ಹಕ್ಕುಪತ್ರದ ಅರ್ಜಿಯ ಜೊತೆ ಅನುಬಂಧದ ಪುಟವನ್ನೇ ನೆರಳಚ್ಚು ಮಾಡಿಸಿ ಲಗತ್ತಿಸಿದ್ದಾರೆ. ಇದು ಸರ್ಕಾರಿ ಪ್ರಕಟಣೆಯೇ ಎಂದು ಗುಮಾಸ್ತರು ಕೇಳಿದರಂತೆ. ಅಲ್ಲ, ಖಾಸಗಿ ಪ್ರಕಟಣೆ ಎಂದು ನಾನು ಬರೆದುಕೊಟ್ಟೆ. ಒಡೆಯರ ಮೊಮ್ಮಗ ತಮ್ಮ ಲೆಕ್ಕದ ಪುಸ್ತಕದ ಆ ಹಾಳೆಯನ್ನು ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಕೊಟ್ಟರು. ಎರಡನ್ನೂ ಸೇರಿಸಿ ಅರ್ಜಿ ಮತ್ತೆ ಸಲ್ಲಿಸಿದ್ದಾರೆ, ಸ್ವೀಕೃತಿ ಚೀಟಿ ಬಂದಿದೆ.